ಹೋಲೋಕಾಸ್ಟ್ ಪಾಠಕ್ಕೆ ಎರಡು ಪೀರಿಯಡ್: ಹೈಸ್ಕೂಲ್ ಮಕ್ಕಳಿಗೆ ಲಿಯಾನ್ ಬಾಸ್ ಮಾತು ಕೇಳಿಸುವುದು ಹೇಗೆ

ನಾಜಿಗಳ ಪಾಠ ಬಂದಾಗ ನಾವು ಸಮಾಜ ವಿಜ್ಞಾನದ ಮೇಷ್ಟ್ರುಗಳು ಸಾಮಾನ್ಯವಾಗಿ ಏನು ಮಾಡುತ್ತೇವೆ? 1933, 1939, 1945 ಅಂತ ಬೋರ್ಡಿನ ಮೇಲೆ ಬರೆಯುತ್ತೇವೆ. 60 ಲಕ್ಷ ಯಹೂದಿಗಳನ್ನು ಕೊಂದರು, ಅದೇ ಹೋಲೋಕಾಸ್ಟ್ ಅಂತ ಒಂದು ಸಾಲು ಹೇಳುತ್ತೇವೆ. ಎರಡು ಅಂಕದ ಪ್ರಶ್ನೆಗೆ ಗುರುತು ಹಾಕಿಸಿ ಮುಂದಿನ ಪಾಠಕ್ಕೆ ಹೋಗುತ್ತೇವೆ. ಪೋರ್ಷನ್ ಮುಗಿಸಬೇಕಲ್ಲ, ತಪ್ಪು ಅನ್ನುವ ಹಾಗಿಲ್ಲ. ಆದರೆ ಅದೇ ಮಕ್ಕಳಲ್ಲಿ ಯಾರೋ ಒಬ್ಬ ಮಾರನೇ ದಿನ ಎದ್ದು ನಿಂತು, "ನಮ್ಮ ದೇಶಕ್ಕೂ ಹಿಟ್ಲರ್ ಥರ ಒಬ್ಬ ಬೇಕು ಸಾರ್, ಆಗ ಎಲ್ಲ ಸರಿ ಹೋಗುತ್ತೆ" ಅನ್ನುತ್ತಾನೆ. ಅವನು ಕೆಟ್ಟ ಹುಡುಗ ಅಲ್ಲ. 60 ಲಕ್ಷ ಅನ್ನುವುದು ಅವನಿಗೆ ಬಾಯಿಪಾಠ ಮಾಡಬೇಕಾದ ಒಂದು ಸಂಖ್ಯೆ, ಅಷ್ಟೇ.

ಸಂಖ್ಯೆ ಬದಲು ಒಬ್ಬ ಮನುಷ್ಯನನ್ನು ಮುಂದೆ ನಿಲ್ಲಿಸಿ ನೋಡಿ. ನಾನು ನಿಲ್ಲಿಸುವುದು ಲಿಯಾನ್ ಬಾಸ್ ಅವರನ್ನು. ಅಮೆರಿಕದ ಕರಿಯ ಸೈನಿಕ, ಆಮೇಲೆ ಸ್ಕೂಲ್ ಮೇಷ್ಟ್ರು, ಆಮೇಲೆ ಹೆಡ್ ಮಾಸ್ಟರ್. 2015ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಳ್ಳುವ ಮುಂಚೆ ದಶಕಗಳ ಕಾಲ ಶಾಲೆ ಕಾಲೇಜುಗಳಿಗೆ ಹೋಗಿ ತಾವು ಕಂಡಿದ್ದನ್ನು ಹೇಳಿದವರು. ಅವರು ಮಾತಾಡಿರುವ ವಿಡಿಯೊಗಳು ಇಂಟರ್‌ನೆಟ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಎರಡು ಪೀರಿಯಡ್, ಒಂದು ಟಿವಿ ಅಥವಾ ಪ್ರೊಜೆಕ್ಟರ್, ಚೆನ್ನಾಗಿ ಕೇಳಿಸುವ ಸ್ಪೀಕರ್ ಇದ್ದರೆ ಸಾಕು.

ಮೊದಲು ನಿಮ್ಮ ತಯಾರಿ

ಬಾಸ್ ಕಥೆ ನಿಮಗೆ ಕಾಗದ ನೋಡದೆ ಹೇಳುವಷ್ಟು ಗೊತ್ತಿರಬೇಕು. ಅವರು ಹುಟ್ಟಿದ್ದು 1925ರಲ್ಲಿ, ಫಿಲಡೆಲ್ಫಿಯಾದಲ್ಲಿ. ತಂದೆ ರೈಲಿನಲ್ಲಿ ಪೋರ್ಟರ್ ಆಗಿದ್ದರು. 1943ರಲ್ಲಿ, 18 ತುಂಬಿದಾಗ, ತಾವಾಗಿಯೇ ಹೋಗಿ ಸೈನ್ಯಕ್ಕೆ ಸೇರಿದರು. ಸೇರಿದ ದಿನವೇ ಅವರನ್ನು ಒಂದು ಕಡೆ, ಬಿಳಿಯ ಹುಡುಗರನ್ನು ಇನ್ನೊಂದು ಕಡೆ ಕಳಿಸಿದರು. ಆಗ ಅಮೆರಿಕದ ಸೈನ್ಯದಲ್ಲಿ ಕರಿಯರಿಗೆ ಬೇರೆ ತುಕಡಿ, ಬಿಳಿಯರಿಗೆ ಬೇರೆ ತುಕಡಿ. ಅಧ್ಯಕ್ಷ ಟ್ರೂಮನ್ ಇದನ್ನು ತೆಗೆಯಲು ಆದೇಶ ಹೊರಡಿಸಿದ್ದು 1948ರಲ್ಲಿ, ಅಂದರೆ ಯುದ್ಧ ಮುಗಿದು ಮೂರು ವರ್ಷ ಆದ ಮೇಲೆ.

ತರಬೇತಿಗೆ ಅಂತ ದಕ್ಷಿಣದ ರಾಜ್ಯಗಳಿಗೆ ಕಳಿಸಿದರು. ಅಲ್ಲಿ ಮೈಮೇಲೆ ಸೈನ್ಯದ ಸಮವಸ್ತ್ರ ಇದ್ದರೂ ಬಿಳಿಯರ ನಲ್ಲಿಯಲ್ಲಿ ನೀರು ಕುಡಿಯುವ ಹಾಗಿರಲಿಲ್ಲ. ಹೋಟೆಲ್ ಒಳಗೆ ಕೂತು ಊಟ ಮಾಡುವ ಹಾಗಿರಲಿಲ್ಲ. ಬಸ್ಸಿನಲ್ಲಿ ಖಾಲಿ ಸೀಟು ಕಣ್ಣೆದುರೇ ಇದ್ದರೂ ದಾರಿಯುದ್ದಕ್ಕೂ ನಿಂತೇ ಹೋಗಬೇಕು. ಇದೇ ದೇಶಕ್ಕಾಗಿ ಸಾಯಲು ಹೊರಟಿದ್ದೀನಾ ಅನ್ನುವ ಸಿಟ್ಟು ಅವರಲ್ಲಿ ಅಲ್ಲೇ ಶುರುವಾಯಿತು.

ಅವರ ತುಕಡಿ 183ನೇ ಎಂಜಿನಿಯರ್ ಕಾಂಬ್ಯಾಟ್ ಬೆಟಾಲಿಯನ್. 1944ರ ಡಿಸೆಂಬರ್‌ನಲ್ಲಿ ಬೆಲ್ಜಿಯಂನ ಬಾಸ್ಟೋನ್ ಊರನ್ನು ಜರ್ಮನ್ನರು ಸುತ್ತುವರಿದರು. ಅಲ್ಲಿ ಸಿಕ್ಕಿಬಿದ್ದ ಸೈನಿಕರಿಗೆ ದಾರಿ ಮಾಡಿಕೊಡಲು ಈ ತುಕಡಿ ಮಾರ್ಟೆಲಾಂಜ್ ಹತ್ತಿರ ಸೇತುವೆ ಕಟ್ಟಿತು. ಚಳಿಗಾಲ, ಸುತ್ತ ಹೆಣಗಳು, ಬಾಸ್ ಅವರಿಗೆ ಇನ್ನೂ 20 ತುಂಬಿಲ್ಲ. 1945ರ ಏಪ್ರಿಲ್‌ನಲ್ಲಿ ಜರ್ಮನಿಯ ವೈಮಾರ್ ಊರಿಗೆ ಬಂದಾಗ ಒಬ್ಬ ಅಧಿಕಾರಿ ಅವರನ್ನೂ ಇನ್ನು ಕೆಲವರನ್ನೂ ಒಂದು ಕಡೆ ಹೋಗಬೇಕು ಬನ್ನಿ ಅಂತ ಕರೆದುಕೊಂಡು ಹೋದರು. ಅದು ಬೂಖೆನ್‌ವಾಲ್ಡ್ ಸೆರೆ ಶಿಬಿರ.

ಇಲ್ಲಿ ಒಂದು ವಿಷಯಕ್ಕೆ ಗಮನ ಕೊಡಿ. ಬಾಸ್ ಬೂಖೆನ್‌ವಾಲ್ಡ್ ಬಿಡುಗಡೆ ಮಾಡಿದರು ಅಂತ ಕೆಲವು ಕಡೆ ಬರೆದಿರುತ್ತಾರೆ. ನೀವು ಹಾಗೆ ಹೇಳಬೇಡಿ. 1945ರ ಏಪ್ರಿಲ್ 11ರ ಮಧ್ಯಾಹ್ನ ಅಮೆರಿಕದ 6ನೇ ಆರ್ಮರ್ಡ್ ಡಿವಿಷನ್ ಅನ್ನುವ ಟ್ಯಾಂಕ್ ಪಡೆಯವರು ಅಲ್ಲಿಗೆ ಮೊದಲು ತಲುಪಿದರು. ಅವರು ಬರುವ ಸ್ವಲ್ಪ ಮುಂಚೆ ಒಳಗಿನ ಕೈದಿಗಳೇ ಗುಟ್ಟಾಗಿ ಸಂಘಟನೆ ಮಾಡಿಕೊಂಡು ಶಿಬಿರವನ್ನು ಹಿಡಿತಕ್ಕೆ ತೆಗೆದುಕೊಂಡಿದ್ದರು. ಬಾಸ್ ಹೋಗಿದ್ದು ಅದಾದ ಮೇಲೆ. ಅವರು ಅಲ್ಲಿದ್ದದ್ದು ಕೆಲವೇ ಗಂಟೆ. ಇದರಿಂದ ಅವರ ಸಾಕ್ಷ್ಯದ ತೂಕ ಕೂದಲೆಳೆಯಷ್ಟೂ ಕಡಿಮೆ ಆಗುವುದಿಲ್ಲ. ಆದರೆ ನೀವು ಉತ್ಸಾಹದಲ್ಲಿ ಒಂದು ಮಾತು ಹೆಚ್ಚು ಹೇಳಿದರೆ, ಹೋಲೋಕಾಸ್ಟ್ ನಡೆದೇ ಇಲ್ಲ ಅನ್ನುವವರು ಆ ಒಂದು ಮಾತನ್ನೇ ಹಿಡಿದುಕೊಂಡು ಉಳಿದದ್ದೆಲ್ಲ ಸುಳ್ಳು ಅನ್ನುತ್ತಾರೆ. ಈ ಪಾಠದಲ್ಲಿ ಖಚಿತವಾಗಿ ಮಾತಾಡುವುದು ಸತ್ತವರಿಗೆ ನಾವು ಕೊಡುವ ಮರ್ಯಾದೆ.

ಬೂಖೆನ್‌ವಾಲ್ಡ್ ಬಗ್ಗೆಯೂ ಇಷ್ಟು ತಿಳಿದಿರಲಿ. ಶುರುವಾಗಿದ್ದು 1937ರಲ್ಲಿ. ಸುಮಾರು 56,000 ಜನ ಅಲ್ಲಿ ಸತ್ತರು. ಆಷ್ವಿಟ್ಜ್, ಟ್ರೆಬ್ಲಿಂಕಾ ಥರ ಗ್ಯಾಸ್ ಕೋಣೆ ಇಟ್ಟು ಕೊಲ್ಲಲೆಂದೇ ಕಟ್ಟಿದ ಶಿಬಿರ ಇದಲ್ಲ. ಇಲ್ಲಿ ಹಸಿವು, ರೋಗ, ಜೀತದಂಥ ದುಡಿಮೆ, ಗುಂಡು, ನೇಣು ಇವುಗಳಿಂದ ಕೊಂದರು. ಯಹೂದಿಗಳ ಜೊತೆಗೆ ರಾಜಕೀಯ ವಿರೋಧಿಗಳು, ಯುರೋಪಿನ ಅಲ್ಪಸಂಖ್ಯಾತರಾದ ರೋಮಾ ಮತ್ತು ಸಿಂತಿ ಜನ, ಸೋವಿಯತ್ ಯುದ್ಧಕೈದಿಗಳು ಎಲ್ಲರೂ ಇದ್ದರು. ಶಿಬಿರ ಇದ್ದದ್ದು ಜರ್ಮನ್ ಕವಿ ಗಯಟೆ ಬಾಳಿ ಬದುಕಿದ ವೈಮಾರ್ ಊರಿನ ಪಕ್ಕದ ಗುಡ್ಡದ ಮೇಲೆ. ಊರಿನವರಿಗೆ ಗೊತ್ತೇ ಇರಲಿಲ್ವಾ ಅಂತ ಮಕ್ಕಳು ಖಂಡಿತ ಕೇಳುತ್ತಾರೆ. ಅಮೆರಿಕದ ಜನರಲ್ ಪ್ಯಾಟನ್ ಆಜ್ಞೆಯ ಮೇಲೆ ಏಪ್ರಿಲ್ 16ರಂದು ವೈಮಾರ್‌ನ ಸುಮಾರು ಸಾವಿರ ಜನರನ್ನು ಕರೆತಂದು ಶಿಬಿರ ತೋರಿಸಿದರು ಅನ್ನುವುದನ್ನು ಆಗ ಹೇಳಿ.

ಮೊದಲ ಪೀರಿಯಡ್

ಶಿಬಿರದಿಂದ ಶುರು ಮಾಡಬೇಡಿ. ಬಸ್ಸಿನಿಂದ ಶುರು ಮಾಡಿ. ಬಾಸ್ ಅವರೇ ಹಾಗೆ ಮಾಡುತ್ತಿದ್ದರು. ಎದುರಿಗೆ ಯಾರೇ ಕೂತಿರಲಿ, ಮೊದಲು ತಮ್ಮ ಸ್ವಂತ ಅವಮಾನ ಹೇಳುತ್ತಿದ್ದರು, ಆಮೇಲೆ ಬೂಖೆನ್‌ವಾಲ್ಡ್‌ಗೆ ಬರುತ್ತಿದ್ದರು. ಇದು ಒಬ್ಬ ಅನುಭವಿ ಮೇಷ್ಟ್ರು ಕಂಡುಕೊಂಡ ದಾರಿ. ನಲ್ಲಿ ನೀರು, ಬಸ್ ಸೀಟು ಅಂದರೆ ಯಾವ ಮಗುವಿಗೂ ಅರ್ಥವಾಗುತ್ತದೆ. ಅಲ್ಲಿಂದ ಕೈ ಹಿಡಿದು ನಡೆಸಿದರೆ ಮಗು ಕಷ್ಟದ ಜಾಗಕ್ಕೂ ಬರುತ್ತದೆ.

ಹನ್ನೆರಡರಿಂದ ಹದಿನೈದು ನಿಮಿಷದ ತುಣುಕು ಸಾಕು. ಹಿಂದಿನ ದಿನವೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಶಾಲೆಯ ನೆಟ್‌ವರ್ಕ್ ನಂಬಿ ಕೂರಬೇಡಿ. ಮಾತು ಇಂಗ್ಲಿಷ್‌ನಲ್ಲಿದೆ. ಕನ್ನಡ ಮೀಡಿಯಂ ಮಕ್ಕಳಾದರೆ ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ, ಅವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳಿ. ಆದರೆ ಅವರ ದನಿಯನ್ನು ಪೂರ್ತಿ ಮುಚ್ಚಿಬಿಡಬೇಡಿ. ಅವರದು ತುಂಬಿದ ಗಂಟಲು. ಏರುವಲ್ಲಿ ಏರುತ್ತದೆ, ಕೆಲವು ಕಡೆ ತಗ್ಗಿ ನಿಂತೇ ಹೋಗುತ್ತದೆ. ಭಾಷೆ ಗೊತ್ತಿಲ್ಲದ ಮಗುವಿಗೂ ಆ ನಿಲ್ಲುವಿಕೆ ಏನೋ ಹೇಳುತ್ತದೆ.

ಬಸ್ಸಿನ ಮಾತು ಮುಗಿದ ತಕ್ಷಣ ನಿಲ್ಲಿಸಿ. ಪ್ರಶ್ನೆ ಕೇಳಬೇಡಿ, ಸುಮ್ನೆ ಒಂದು ನಿಮಿಷ ಬಿಡಿ. ನಮ್ಮ ಮಕ್ಕಳಿಗೆ ಇಲ್ಲಿ ಜಾತಿ ನೆನಪಾಗುತ್ತದೆ. ನೀವು ಎತ್ತಿಕೊಡಬೇಕಾಗಿಯೇ ಇಲ್ಲ. ಬೇರೆ ಲೋಟ, ಬೇರೆ ಬಾವಿ, ದೇವಸ್ಥಾನದ ಹೊರಗೆ ನಿಲ್ಲುವುದು, ಇದೆಲ್ಲ ಯಾರೋ ಒಬ್ಬರ ಬಾಯಲ್ಲಿ ಬಂದೇ ಬರುತ್ತದೆ. ಬರಲಿ, ಕೇಳಿಸಿಕೊಳ್ಳಿ, ಮಹಾಡ್ ಕೆರೆಯ ನೀರಿಗಾಗಿ 1927ರಲ್ಲಿ ಅಂಬೇಡ್ಕರ್ ಮಾಡಿದ ಸತ್ಯಾಗ್ರಹ ಗೊತ್ತಿದ್ದರೆ ಅದನ್ನೂ ಹೇಳಲಿ. ಆದರೆ ತರಗತಿಯಲ್ಲಿರುವ ದಲಿತ ಮಗುವಿನ ಕಡೆ ತಿರುಗಿ, "ನಿಮ್ಮ ಮನೆಯಲ್ಲಿ ಹೀಗೆ ಆಗಿದೆಯಾ, ಹೇಳು" ಅಂತ ಯಾವ ಕಾರಣಕ್ಕೂ ಕೇಳಬೇಡಿ. ತಾನಾಗಿ ಹೇಳಿದರೆ ಗಮನವಿಟ್ಟು ಕೇಳಿ. ಹೇಳದಿದ್ದರೆ ಅದು ಆ ಮಗುವಿನ ಹಕ್ಕು.

ಇನ್ನೊಂದು ಎಚ್ಚರ. "ಎಲ್ಲ ಒಂದೇ ಸಾರ್, ಕರಿಯರಿಗೂ ಹಾಗೇ, ಯಹೂದಿಗಳಿಗೂ ಹಾಗೇ, ಇಲ್ಲೂ ಹಾಗೇ" ಅಂತ ಯಾರಾದರೂ ಹೇಳುತ್ತಾರೆ. ಬಾಸ್ ಹಾಗೆ ಹೇಳಲಿಲ್ಲ. ಅವರು ಕಂಡುಕೊಂಡದ್ದು ಇಷ್ಟು: ನೀನು ನಮಗೆ ಸರಿಸಮ ಅಲ್ಲ ಅಂತ ತಮಗೆ ಹೇಳಿದ ಮನಸ್ಸಿಗೂ, ಈ ಶಿಬಿರ ಕಟ್ಟಿದ ಮನಸ್ಸಿಗೂ ಬೇರು ಒಂದೇ. ಬೇರು ಒಂದೇ ಅಂದ ಮಾತ್ರಕ್ಕೆ ನಡೆದದ್ದೆಲ್ಲ ಒಂದೇ ಆಗುವುದಿಲ್ಲ. ನಾಜಿಗಳು ಒಂದು ಇಡೀ ಜನಾಂಗವನ್ನು, ಎಳೆ ಮಕ್ಕಳನ್ನೂ ಬಿಡದೆ, ಯುರೋಪಿನಿಂದಲೇ ಅಳಿಸಿಬಿಡಲು ಸರ್ಕಾರದ ಕಚೇರಿ, ರೈಲ್ವೆ, ಕಾನೂನು, ಕಾರ್ಖಾನೆ ಎಲ್ಲವನ್ನೂ ಬಳಸಿದರು. ಯಾರ ನೋವು ದೊಡ್ಡದು ಅನ್ನುವ ಚರ್ಚೆ ಬೇಡ. ಪ್ರತಿಯೊಂದನ್ನೂ ಅದರ ಜಾಗದಲ್ಲಿಟ್ಟು ನೋಡುವುದನ್ನು ಕಲಿಸಿ.

ಆಮೇಲೆ ಶಿಬಿರದ ಭಾಗ. ಹಾಕುವ ಮುಂಚೆ ಹೇಳಿಬಿಡಿ, ಇದು ಕಷ್ಟದ ವಿಷಯ, ಕೇಳಲು ಆಗದಿದ್ದರೆ ಹೊರಗೆ ಹೋಗಿ ನೀರು ಕುಡಿದು ಬನ್ನಿ, ಯಾರೂ ನಗುವುದಿಲ್ಲ ಅಂತ. ಬಾಸ್ ಹೇಳುವುದನ್ನು ನೋಡಿ: ನಿಲ್ಲಲೂ ಆಗದ, ಮೂಳೆ ಚರ್ಮ ಒಂದಾದ ಜನ, ಬೋಳಿಸಿದ ತಲೆ, ಮೈಯೆಲ್ಲ ಹುಣ್ಣು, ಹುಣ್ಣಿನ ಹೊಪ್ಪಳೆ ಕಟ್ಟಿ ಬೆರಳಿಗೆ ಬೆರಳು ಅಂಟಿಹೋದ ಕೈ. ಅವರನ್ನು ನಡೆದಾಡುವ ಹೆಣಗಳು ಅಂತ ಅವರು ಕರೆಯುತ್ತಾರೆ. ಮಲಗುವ ಕಡೆ ಹೋದರೆ ವಾಸನೆ ತಡೆಯಲಾಗದು. ಸುಡುವ ಒಲೆಗಳ ಹೊರಗೆ ಕಟ್ಟಿಗೆ ಜೋಡಿಸಿದ ಹಾಗೆ ಜೋಡಿಸಿದ ಹೆಣಗಳು.

ಆಮೇಲೆ ಮಕ್ಕಳ ಬಟ್ಟೆಗಳ ಬಗ್ಗೆ ಹೇಳುತ್ತಾರೆ. ಟೋಪಿ, ಸ್ವೆಟರ್, ಕಾಲುಚೀಲ, ಶೂ. ಬಟ್ಟೆ ಕಂಡೆ, ಒಂದು ಮಗುವನ್ನೂ ಕಾಣಲಿಲ್ಲ ಅನ್ನುತ್ತಾರೆ.

ಇಲ್ಲಿ ನಿಲ್ಲಿಸಿ. ಸಾಕ್ಷ್ಯವನ್ನು ಓದುವುದು ಹೇಗೆ ಅಂತ ಕಲಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಯಾಕೆಂದರೆ ಬಿಡುಗಡೆಯ ದಿನ ಬೂಖೆನ್‌ವಾಲ್ಡ್‌ನಲ್ಲಿದ್ದ ಸುಮಾರು 21,000 ಜನರಲ್ಲಿ ಒಂಬೈನೂರರಷ್ಟು ಮಕ್ಕಳು ಮತ್ತು ಹದಿಹರೆಯದ ಹುಡುಗರಿದ್ದರು. ಕೈದಿಗಳೇ ತಮ್ಮ ಜೀವ ಪಣಕ್ಕಿಟ್ಟು 66ನೇ ಬ್ಲಾಕ್‌ನಲ್ಲಿ ಬಹಳ ಹುಡುಗರನ್ನು ಕಾಪಾಡಿಕೊಂಡಿದ್ದರು. ಹಾಗಾದರೆ ಬಾಸ್ ಸುಳ್ಳು ಹೇಳಿದರಾ? ಇಲ್ಲ. ಅವರು ಓಡಾಡಿದ ಜಾಗದಲ್ಲಿ, ಆ ಕೆಲವು ಗಂಟೆಗಳಲ್ಲಿ ಅವರ ಕಣ್ಣಿಗೆ ಬಿದ್ದದ್ದನ್ನು ಹೇಳಿದರು. ಕಂಡವರೊಬ್ಬರ ಮಾತು ಬೇಕು, ದಾಖಲೆಯೂ ಬೇಕು. ಬಟ್ಟೆಯ ಮಾತು ಕೇಳದಿದ್ದರೆ ನಮಗೆ ಆ ಶೂಗಳು ಕಾಣುತ್ತಿರಲಿಲ್ಲ, ದಾಖಲೆ ನೋಡದಿದ್ದರೆ ಆ ಹುಡುಗರನ್ನು ಕಾಪಾಡಿದವರು ಗೊತ್ತಾಗುತ್ತಿರಲಿಲ್ಲ. ಹತ್ತನೇ ತರಗತಿಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ನಾವೇ ಕಷ್ಟ ಅಂದುಕೊಂಡು ಬಿಟ್ಟುಬಿಡುತ್ತೇವೆ.

ಹೆಣಗಳ ಫೋಟೊ ತೋರಿಸಬೇಕಾ ಅಂತ ಕೇಳುವವರು ಜಾಸ್ತಿ. ನನ್ನ ಉತ್ತರ: ಬೇಡ. ಆ ಸತ್ತವರು ತಮ್ಮನ್ನು ಹಾಗೆ ತೋರಿಸಿ ಅಂತ ನಮಗೆ ಒಪ್ಪಿಗೆ ಕೊಟ್ಟಿಲ್ಲ. ಮಕ್ಕಳು ಒಂದೋ ಹೆದರುತ್ತಾರೆ, ಇಲ್ಲ ಮೊಬೈಲ್‌ನಲ್ಲಿ ಇನ್ನೂ ಹುಡುಕುತ್ತಾರೆ. ಫೋಟೊ ಬೇಕೇ ಬೇಕು ಅಂದರೆ ಶಿಬಿರಕ್ಕೆ ಹೋಗುವ ಮುಂಚಿನ ಯಹೂದಿ ಕುಟುಂಬಗಳ ಮದುವೆ, ಸ್ಕೂಲ್, ಅಂಗಡಿ ಫೋಟೊ ತೋರಿಸಿ. ಕಳೆದುಹೋದದ್ದು ಏನು ಅಂತ ಅದು ತಿಳಿಸುತ್ತದೆ. ಬಾಸ್ ಅವರ ಬೆಟಾಲಿಯನ್ನಿನಲ್ಲೇ ಇದ್ದ ವಿಲಿಯಂ ಸ್ಕಾಟ್ ಅನ್ನುವ ಸೈನಿಕ ಬೂಖೆನ್‌ವಾಲ್ಡ್‌ನಲ್ಲಿ ಫೋಟೊ ತೆಗೆದಿದ್ದರು. ಫೋಟೊ ತೆಗೆದವರು ಯಾರು, ಯಾಕೆ ತೆಗೆದರು ಅನ್ನುವುದನ್ನಷ್ಟೇ ಹೇಳಿದರೂ ಒಳ್ಳೆಯ ಚರ್ಚೆ ಆಗುತ್ತದೆ.

ಎರಡನೇ ಪೀರಿಯಡ್

ಇದು ಬಾಸ್ ಯಾಕೆ ಬಾಯಿ ಬಿಟ್ಟರು ಅನ್ನುವುದರ ಬಗ್ಗೆ. ಯುದ್ಧ ಮುಗಿಸಿ ಮನೆಗೆ ಬಂದ ಮೇಲೆ ಬಾಸ್ ವರ್ಷಗಟ್ಟಲೆ ಈ ವಿಷಯ ಮಾತಾಡಲಿಲ್ಲ. ಸೈನಿಕರಿಗೆ ಕೊಡುವ ಸರ್ಕಾರಿ ಸಹಾಯದಲ್ಲಿ ಓದಿ ಶಿಕ್ಷಕರಾದರು. ಅವರು ಓದಿದ ಕಾಲೇಜಿನ ಹಾಸ್ಟೆಲ್‌ನಲ್ಲಿಯೂ ಕರಿಯರಿಗೆ ಜಾಗ ಇರಲಿಲ್ಲ. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾತಾಡಿದ ವಾಷಿಂಗ್ಟನ್ ಮೆರವಣಿಗೆಗೂ ಹೋಗಿ ಬಂದರು. ಆಮೇಲೆ ಫಿಲಡೆಲ್ಫಿಯಾದ ಬೆಂಜಮಿನ್ ಫ್ರಾಂಕ್ಲಿನ್ ಹೈಸ್ಕೂಲಿನ ಪ್ರಿನ್ಸಿಪಾಲರಾದರು. ಗಲಾಟೆಗೆ ಹೆಸರಾಗಿದ್ದ ಹುಡುಗರ ಶಾಲೆ ಅದು.

ಒಂದು ದಿನ ಆಷ್ವಿಟ್ಜ್‌ನಿಂದ ಬದುಕಿ ಬಂದ ಒಬ್ಬ ಮಹಿಳೆ ಆ ಶಾಲೆಯಲ್ಲಿ ಮಾತಾಡಲು ಬಂದಿದ್ದರು. ಹುಡುಗರು ಕೇಳಿಸಿಕೊಳ್ಳುತ್ತಿಲ್ಲ. ಬಿಳಿಯ ಹೆಂಗಸು, ಎಲ್ಲೋ ದೂರದ ಕಥೆ, ನಮಗೇನು ಅನ್ನುವ ಭಾವ. ಪ್ರಿನ್ಸಿಪಾಲರು ಒಳಗೆ ಬಂದು ಹುಡುಗರಿಗೆ ಹೇಳಿದರು, ಇವರು ಹೇಳುತ್ತಿರುವುದು ನಿಜ, ಕೇಳಿ, ನಾನು ಅಂಥ ಜಾಗವನ್ನು ಕಣ್ಣಾರೆ ನೋಡಿದ್ದೇನೆ ಅಂತ. ಹುಡುಗರು ಕೇಳಿದರು. ಮಾತು ಮುಗಿದ ಮೇಲೆ ಆ ಮಹಿಳೆ ಬಾಸ್ ಅವರಿಗೆ, ನೀವು ಇದನ್ನು ಹೊರಗೆ ಹೇಳಲೇಬೇಕು ಅಂದರು. ಬಾಸ್ ಭಾಷಣಗಳು ಶುರುವಾಗಿದ್ದು ಅಲ್ಲಿಂದ. 1982ರಲ್ಲಿ ನಿವೃತ್ತರಾದ ಮೇಲೂ ನಿಲ್ಲಿಸಲಿಲ್ಲ.

ಇದನ್ನು ಹೇಳಿ ಮಕ್ಕಳನ್ನು ನಾಲ್ಕೈದು ಜನರ ಗುಂಪು ಮಾಡಿ. ಎರಡೇ ಪ್ರಶ್ನೆ ಕೊಡಿ. ಅಷ್ಟು ವರ್ಷ ಅವರು ಯಾಕೆ ಸುಮ್ಮನಿದ್ದರು? ಆ ಹುಡುಗರು ಮಹಿಳೆಯ ಮಾತು ಕೇಳದೆ ಬಾಸ್ ಮಾತು ಯಾಕೆ ಕೇಳಿದರು? ಎರಡನೆಯದು ಚೂಪಾದ ಪ್ರಶ್ನೆ. ನಮ್ಮವರು ಹೇಳಿದರೆ ಮಾತ್ರ ನಂಬುತ್ತೇವಾ ಅನ್ನುವ ಕಡೆಗೆ ಮಕ್ಕಳು ತಾವಾಗಿಯೇ ಬರುತ್ತಾರೆ. ಬಾಸ್ ತಮ್ಮ ಭಾಷಣಗಳಲ್ಲಿ ಕೇಳುತ್ತಿದ್ದ ಪ್ರಶ್ನೆಯನ್ನು ಕೊನೆಯಲ್ಲಿ ಇಡಿ: ಸರಿಯಾದದ್ದನ್ನು ಮಾಡಲು ತೆರಬೇಕಾದ ಬೆಲೆ ತೀರಾ ದುಬಾರಿಯಾ? ಉತ್ತರ ಹೇಳಿಕೊಡಬೇಡಿ.

ಬರುವ ಪ್ರಶ್ನೆಗಳು

"ಹಿಟ್ಲರ್ ಜರ್ಮನಿಯನ್ನು ಉದ್ಧಾರ ಮಾಡಿದ ಅಲ್ವಾ ಸಾರ್?" ಬೈಯಬೇಡಿ. ಲೆಕ್ಕ ಕೇಳಿ. ಕೆಲಸ ಸಿಕ್ಕಿದ್ದರಲ್ಲಿ ಬಹುಪಾಲು ಯುದ್ಧದ ತಯಾರಿಯಿಂದ, ಯಹೂದಿಗಳನ್ನು ಕೆಲಸದಿಂದ ತೆಗೆದು ಆ ಜಾಗ ಬೇರೆಯವರಿಗೆ ಕೊಟ್ಟದ್ದೂ ಅದರಲ್ಲಿ ಸೇರಿದೆ. ಅವನೇ ಮಾಡಿಸಿದ ಅನ್ನುವ ಹೆದ್ದಾರಿಗಳ ಯೋಜನೆ ಅವನಿಗಿಂತ ಮುಂಚಿನದು, ಕೊಲೋನ್‌ನಿಂದ ಬಾನ್‌ಗೆ ಹೋಗುವ ರಸ್ತೆ 1932ರಲ್ಲೇ ತೆರೆದಿತ್ತು. ಹನ್ನೆರಡು ವರ್ಷ ಆಳಿ ಅವನು ಬಿಟ್ಟುಹೋದದ್ದು ಕುಸಿದುಬಿದ್ದ ಊರುಗಳನ್ನು.

"ನೇತಾಜಿಗೆ ಸಹಾಯ ಮಾಡಿದನಲ್ಲ?" ಇದು ನಮ್ಮಲ್ಲಿ ಮಾತ್ರ ಬರುವ ಪ್ರಶ್ನೆ, ತಪ್ಪಿಸಿಕೊಳ್ಳಬೇಡಿ. ಬೋಸ್ 1941ರಲ್ಲಿ ಬರ್ಲಿನ್ ತಲುಪಿದರು. ಹಿಟ್ಲರ್ ಭೇಟಿ ಸಿಕ್ಕಿದ್ದು 1942ರ ಮೇ ತಿಂಗಳಲ್ಲಿ, ಅದೂ ಒಂದೇ ಸಲ. ಭಾರತದ ಬಗ್ಗೆ ಅವನು ತನ್ನ ಪುಸ್ತಕದಲ್ಲಿ ಕೀಳಾಗಿ ಬರೆದದ್ದನ್ನು ಬೋಸ್ ಆ ಭೇಟಿಯಲ್ಲೇ ಎತ್ತಿದರು. ಭಾರತ ಬೇರೆಯವರ ಕೈಗೆ ಹೋಗುವುದಕ್ಕಿಂತ ಇಂಗ್ಲಿಷರ ಕೈಯಲ್ಲಿರುವುದೇ ವಾಸಿ ಅಂತ ಬರೆದಿದ್ದ ಮನುಷ್ಯ ಅವನು. ಇಷ್ಟು ಹೇಳಿದರೆ ಸಾಕು, ತರಗತಿ ಯೋಚನೆ ಮಾಡುತ್ತದೆ.

ಸ್ವಸ್ತಿಕದ ಬಗ್ಗೆ ಕೇಳಿದರೆ ಚಿಕ್ಕದಾಗಿ ಹೇಳಿ ಮುಗಿಸಿ. ನಮ್ಮ ಹೊಸ್ತಿಲ ಮೇಲಿನ ಗುರುತು ಸಾವಿರಾರು ವರ್ಷ ಹಳೆಯದು, ನಾಜಿ ಪಕ್ಷ ತನ್ನ ಬಾವುಟಕ್ಕೆ ಹಾಕಿಕೊಂಡದ್ದು 1920ರಲ್ಲಿ. ಯುರೋಪಿನಲ್ಲಿ ಅದನ್ನು ಕಂಡರೆ ಜನ ಯಾಕೆ ನಡುಗುತ್ತಾರೆ ಅನ್ನುವುದೂ ಮಕ್ಕಳಿಗೆ ಗೊತ್ತಿರಲಿ.

"ಇದೆಲ್ಲ ಸುಳ್ಳು ಅಂತ ಯೂಟ್ಯೂಬ್‌ನಲ್ಲಿ ಇದೆ" ಅಂದರೆ, ಯುರೋಪಿನಲ್ಲಿ ಮಿತ್ರಪಡೆಗಳ ಮುಖ್ಯ ಸೇನಾಪತಿಯಾಗಿದ್ದ ಅಮೆರಿಕದ ಐಸೆನ್‌ಹೋವರ್ ಕಥೆ ಹೇಳಿ. ಬೂಖೆನ್‌ವಾಲ್ಡ್‌ನ ಉಪಶಿಬಿರ ಓರ್ಡ್ರುಫ್ ಅನ್ನು ಅವರು 1945ರ ಏಪ್ರಿಲ್ 12ರಂದು ಸ್ವತಃ ಹೋಗಿ ನೋಡಿದರು. ಮುಂದೆ ಯಾರಾದರೂ ಇದು ಬರೀ ಪ್ರಚಾರ ಅಂದರೆ ಕಣ್ಣಾರೆ ಕಂಡದ್ದನ್ನು ಹೇಳಲು ಅಂತಲೇ ಹೋದೆ ಅಂತ ಬರೆದಿಟ್ಟರು. ಪತ್ರಕರ್ತರನ್ನೂ ಅಮೆರಿಕದ ಸಂಸದರನ್ನೂ ಕರೆಸಿದರು. ಯುದ್ಧ ಮುಗಿದ ಮೇಲೆ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ನಾಜಿಗಳ ಸ್ವಂತ ಕಡತಗಳೇ ಅವರ ವಿರುದ್ಧ ಸಾಕ್ಷಿಯಾದವು.

ಮಾಡಬಾರದ್ದು ಮತ್ತು ಮನೆಗೆಲಸ

ನಾಟಕ ಆಡಿಸಬೇಡಿ. ನಾಜಿಗಳು ಯಹೂದಿಗಳಿಗೆ ಬಲವಂತವಾಗಿ ತೊಡಿಸಿದ್ದ ಹಳದಿ ನಕ್ಷತ್ರವನ್ನು ಅರ್ಧ ತರಗತಿಗೆ ಅಂಟಿಸಿ, ಇನ್ನರ್ಧಕ್ಕೆ ಪೊಲೀಸ್ ವೇಷ ಹಾಕಿಸುವ ಚಟುವಟಿಕೆಗಳನ್ನು ಕೆಲವರು ಬಹಳ ಮೆಚ್ಚಿಕೊಳ್ಳುತ್ತಾರೆ. ಮಕ್ಕಳಿಗೆ ಅದು ಆಟ ಆಗುತ್ತದೆ, ಇಲ್ಲ ಒಂದು ಮಗುವಿಗೆ ನಿಜವಾದ ಗಾಯ ಆಗುತ್ತದೆ. ನೀನು ಶಿಬಿರದಲ್ಲಿದ್ದೆ ಅಂತ ಊಹಿಸಿ ಪತ್ರ ಬರೆ ಅನ್ನುವ ಪ್ರಬಂಧವೂ ಬೇಡ. ಊಟ ಮಾಡಿ ಬಂದು ಬೆಂಚಿನ ಮೇಲೆ ಕೂತ ಮಗು ಅದನ್ನು ಊಹಿಸಲಾರದು, ಊಹಿಸಿದೆ ಅಂತ ಅಂದುಕೊಳ್ಳುವುದೂ ಸರಿಯಲ್ಲ.

ಮನೆಗೆಲಸಕ್ಕೆ ಬಾಸ್ ಅವರಿಗೇ ಒಂದು ಪ್ರಶ್ನೆ ಬರೆಯಲು ಹೇಳಿ. ಒಂದೇ ಪ್ರಶ್ನೆ, ಕೆಳಗೆ ಅದನ್ನು ಯಾಕೆ ಕೇಳುತ್ತಿದ್ದೇನೆ ಅಂತ ಐದು ಸಾಲು. ಅಂಕ ಹಾಕಬೇಡಿ, ಆದರೆ ಪ್ರತಿಯೊಂದನ್ನೂ ಓದಿ. ಕೆಲವಕ್ಕೆ ಉತ್ತರ ಅವರ ಬೇರೆ ವಿಡಿಯೊಗಳಲ್ಲಿ ಸಿಗುತ್ತದೆ, ಅದನ್ನು ಮುಂದಿನ ವಾರ ಐದು ನಿಮಿಷ ಹಾಕಿ ತೋರಿಸಿ. ಉತ್ತರ ಸಿಗದ ಪ್ರಶ್ನೆಗಳನ್ನು ತರಗತಿಯ ಗೋಡೆಗೆ ಅಂಟಿಸಿ, ಪರೀಕ್ಷೆ ಮುಗಿಯುವ ತನಕ ಅಲ್ಲೇ ಇರಲಿ.